ಎಂಟನೆಯ ಮೆಟ್ಟಿಲಲ್ಲಿ ಅತ್ತೆ

ಕರೆಂಟ್ ಹೋದ ಗಳಿಗೆಯಲ್ಲಿ ನನ್ನ ಅತ್ತೆ ಮೆಟ್ಟಿಲ ಕುರ್ಚಿಯಲ್ಲಿ ಕೂತು ಕೆಳಗಿಳಿದು ಬರುತ್ತಿದ್ದರು. ಕುರ್ಚಿ ಸಣ್ಣಗೆ ಮುಲುಗಿ, ಒಮ್ಮೆ ಅಲುಗಿ, ನಿಂತುಬಿಟ್ಟಿತು. ಲಂಡನ್ನಿನ ಹ್ಯಾರೋದ ನಮ್ಮ ಮನೆಗೆ ಹದಿಮೂರು ಮೆಟ್ಟಿಲು. ಅವರು ನಿಂತದ್ದು ಕೆಳಗಿನಿಂದ ಎಂಟನೆಯದರ ಹತ್ತಿರ.

"ಯಾಕವಾ, ನಿಂತಬಿಡ್ತಲ್ಲ ಇದು?"

"ಕರೆಂಟ್ ಹೋಯ್ತು ಅತ್ತೆ. ಒಂದ್ನಿಮಿಷ ಹಾಗೇ ಕೂತಿರಿ, ಬಂದ್ಬಿಡತ್ತೆ."

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಹಿಂದಿನ ಸಂಜೆಯಿಂದಲೇ ಗಾಳಿ ಹುಚ್ಚೆದ್ದಿತ್ತು. ರಾತ್ರಿ ಮಳೆಯಾಗಿ ಸುರಿದದ್ದು ಬೆಳಗಿನ ಹೊತ್ತಿಗೆ ಒದ್ದೆ ಹಿಮವಾಗಿ ಕಿಟಕಿಗಳಿಗೆ ಸುಣ್ಣ ಬಳಿದಂತೆ ಅಂಟಿಕೊಂಡಿತ್ತು. ನನ್ನ ಗಂಡ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಬೆಳಿಗ್ಗೆ ರಸ್ತೆ ಹೇಗಿರುತ್ತದೋ ಎಂದು ಶುಕ್ರವಾರ ಸಂಜೆಯೇ ಬಟ್ಟೆ ತುಂಬಿಕೊಂಡು ಹೋಗಿ ಅಲ್ಲೇ ಉಳಿದಿದ್ದರು. ಮನೆಯಲ್ಲಿದ್ದದ್ದು ನಾನು ಮತ್ತು ಅತ್ತೆ.

ಅತ್ತೆ ಧಾರವಾಡದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತವು. ಮಾತು ಮಾತ್ರ ಒಂದು ಅಕ್ಷರವೂ ಮಾಸಲಿಲ್ಲ. ಗೋಡೆಯ ಪಕ್ಕದ ಹಳಿಯ ಮೇಲೆ ಹತ್ತಿ ಇಳಿಯುವ ಈ ಕುರ್ಚಿ ಹಾಕಿಸಿದ್ದು ಆಗಲೇ.

ಕರೆಂಟ್ ಹೋದರೂ ಅದು ನಡೆಯಬೇಕಿತ್ತು. ಕುರ್ಚಿಯೊಳಗೇ ಬ್ಯಾಟರಿ ಇರುತ್ತದೆ. ಅದು ಹಳೆಯದಾಗಿದೆ, ಬದಲಾಯಿಸಿ ಎಂದು ರಿಪೇರಿಯವನು ಹೇಳಿಹೋಗಿದ್ದ. ಮೂರು ವಾರದಿಂದ ಕುರ್ಚಿಯೂ ಆಗಾಗ ಪೀಂ ಪೀಂ ಎಂದು ಅದನ್ನೇ ಹೇಳುತ್ತಿತ್ತು. ನಾಳೆ ಫೋನ್ ಮಾಡಿದರಾಯಿತು ಎಂದುಕೊಳ್ಳುತ್ತ, ಆ ಸದ್ದು ಕೇಳಿಸದಂತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಓಡಾಡಿದವಳು ನಾನೇ.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬೀದಿಯಲ್ಲಿ ಒಂದು ಕಿಟಕಿಯಲ್ಲೂ ಬೆಳಕಿಲ್ಲ. ಬಾಯ್ಲರ್ ಗ್ಯಾಸಿನದೇ ಆದರೂ ಕರೆಂಟಿಲ್ಲದೆ ಹೊತ್ತಿಕೊಳ್ಳುವುದಿಲ್ಲ, ರೇಡಿಯೇಟರುಗಳು ಆರತೊಡಗಿದ್ದವು. ಮನೆಯ ಫೋನ್ ಇಂಟರ್ನೆಟ್ ಪೆಟ್ಟಿಗೆಗೆ ಸೇರಿಕೊಂಡಿದ್ದರಿಂದ ಅದೂ ಮೂಕ. ಮೊಬೈಲಿನಲ್ಲಿ ಕಾಲು ಭಾಗ ಚಾರ್ಜ್ ಇತ್ತು. ಗಂಡನಿಗೆ ಮಾಡಿದೆ, ಎತ್ತಲಿಲ್ಲ. ಆಪರೇಷನ್ ಥಿಯೇಟರಿನಲ್ಲಿರಬೇಕು.

ನನ್ನ ಶಾಲು, ಅತ್ತೆಯ ಕೌದಿ, ಉಣ್ಣೆಯ ಟೋಪಿ, ಎಲ್ಲ ತಂದು ಹೊದಿಸಿದೆ. ಎತ್ತಿ ಇಳಿಸೋಣವೆಂದರೆ ಅತ್ತೆ ಗಟ್ಟಿಮುಟ್ಟಾದ ದೊಡ್ಡ ಆಳು, ನಾನು ಅವರ ಅರ್ಧ. ಇಕ್ಕಟ್ಟಾದ ಮೆಟ್ಟಿಲಲ್ಲಿ ಕಾಲು ಜಾರಿದರೆ ಇಬ್ಬರೂ ಕೆಳಗೆ.

"ಆಂಬುಲೆನ್ಸಿಗೆ ಫೋನ್ ಮಾಡ್ಲಾ ಅತ್ತೆ?"

"ಯಾಕ? ನಾ ಏನ್ ಸಾಯಾಕತ್ತೀನೇನ? ಇಂಥಾ ಗಾಳ್ಯಾಗ ಯಾರಿಗೆ ಏನಾಗೇತೋ ಏನೋ. ಸುಮ್ನಿರ."

"ಹಾಗಾದ್ರೆ ಟೀ ಮಾಡ್ಕೊಂಡ್ಬರ್ತೀನಿ. ಒಲೆ ಉರಿಯತ್ತೆ, ಬೆಂಕಿಪೊಟ್ಟಣ ಇದೆ."

"ಚಾ ಬ್ಯಾಡ."

"ಬಿಸಿ ನೀರು?"

"ಏನೂ ಬ್ಯಾಡವಾ. ನೀ ನಿನ್ನ ಕೆಲಸ ನೋಡ್ಕೋ ಹೋಗ."

ಚಹಾ ಬೇಡವೆಂದದ್ದನ್ನು ನಾನು ಅವರ ಬಾಯಲ್ಲಿ ಕೇಳಿದ್ದೇ ಇಲ್ಲ. ಚಳಿಗೆ ಜ್ವರ ಬರುತ್ತಿದೆಯೇನೋ ಎಂದು ಹಣೆ ಮುಟ್ಟಿ ನೋಡಿದೆ. ಅವರು ತಲೆ ಹಿಂದಕ್ಕೆಳೆದುಕೊಂಡು ಗೋಡೆ ನೋಡುತ್ತ ಕೂತರು. ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಬಂದಿದ್ದರೆ ತಪ್ಪೇನೂ ಇರಲಿಲ್ಲ. ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತು, ಬ್ಯಾಟರಿಯ ವಿಷಯವನ್ನೆಲ್ಲ ಹೇಳಿಬಿಟ್ಟೆ.

"ಪೀಂ ಅನ್ನೂದು ನನಗೂ ಕೇಳಸ್ತಿತ್ತು," ಎಂದರು. "ಹೊರಗ ಯಾವುದೋ ಹಕ್ಕಿ ಅಂತ ತಿಳಕೊಂಡಿದ್ದೆ. ಈಗ ಅದನ್ನ ಹೇಳಿ ಏನ್ ಮಾಡ್ತಿ? ಯಾರರ ಗಟ್ಟಿ ಮಂದಿ ಸಿಗ್ತಾರೇನ್ ನೋಡ."

ಆಗ ಹಿತ್ತಿಲ ಕಡೆಯಿಂದ ದಡ್ ಎಂದು ಸದ್ದಾಯಿತು. ಓಡಿ ನೋಡಿದರೆ ನಮಗೂ ಪಕ್ಕದ ಮನೆಗೂ ನಡುವಿನ ಮರದ ಬೇಲಿಯ ಎರಡು ಹಲಗೆಗಳು ಮಲಗಿದ್ದವು. ಅದರಾಚೆ ಪಕ್ಕದ ಮನೆಯಾಕೆ ಗಂಡಸರ ದೊಡ್ಡ ಕೋಟು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ಬೇಲಿಯನ್ನು ನೋಡುತ್ತ ನಿಂತಿದ್ದರು. ಎಪ್ಪತ್ತರ ಆಸುಪಾಸಿನವರು, ಚಿಕ್ಕ ಹುಡುಗಿಯಾಗಿದ್ದಾಗ ಜಮೈಕಾದಿಂದ ಬಂದವರು. ಏಳು ವರ್ಷದ ನೆರೆಮನೆ, ಆದರೆ ನಮ್ಮ ಮಾತೆಲ್ಲ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಎಂಬುದರಲ್ಲೇ ಮುಗಿಯುತ್ತಿತ್ತು.

"ನಿನ್ನ ಬೇಲಿ ನನ್ನ ಗುಲಾಬಿ ಮೇಲೆ ಬಿದ್ದಿದೆ," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ನನ್ನ ಮುಖ ನೋಡಿ, "ಏನಾಯ್ತು ಡಾರ್ಲಿಂಗ್?" ಎಂದರು.

ನಾನು ಹೇಳಿ ಮುಗಿಸುವ ಮೊದಲೇ ಅವರು ಬಿದ್ದ ಹಲಗೆಯ ಮೇಲೆಯೇ ಕಾಲಿಟ್ಟು ನಮ್ಮ ಹಿತ್ತಿಲಿಗೆ ದಾಟಿದ್ದರು.

ಮೆಟ್ಟಿಲ ಬುಡದಲ್ಲಿ ನಿಂತು ಅವರು ಅತ್ತೆಯನ್ನು ಒಂದು ಕ್ಷಣ ನೋಡಿದರು. ಮೊದಲು ಮುಖ, ಆಮೇಲೆ ಮೊಣಕಾಲು, ಆಮೇಲೆ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದ ಎಡಗೈ. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು: "ಕೊನೆಯ ಸಲ ಟಾಯ್ಲೆಟ್ಟಿಗೆ ಹೋಗಿದ್ದು ಯಾವಾಗ?"

ನಾನು ಕಿಂಗ್ಸ್‌ಬರಿಯ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಈ ಮಾತ್ರೆ ತಗೊಂಡ ಮೇಲೆ ಎರಡು ಮೂರು ಗಂಟೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಮನೆಯಲ್ಲಿರುವ ಹೊತ್ತು ನೋಡಿ ಬೆಳಿಗ್ಗೆ ತಗೊಳ್ಳಿ ಎಂದು ಕೌಂಟರಿನ ಆಚೆಗಿನವರಿಗೆ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ. ಅದೇ ಬಿ.ಪಿ. ಮಾತ್ರೆಯನ್ನು ಅವತ್ತು ಎಂಟೂವರೆಗೆ ಅತ್ತೆಯ ಅಂಗೈಗೆ ಹಾಕಿ ನೀರು ಕೊಟ್ಟವಳು ನಾನು. ಈಗ ಹತ್ತೂ ಕಾಲು.

"ಅತ್ತೆ, ನಿಮಗೆ..."

"ಹೌದವಾ," ಎಂದರು, ಗೋಡೆಯನ್ನೇ ನೋಡುತ್ತ. "ಒಂದಕ್ಕ ಹೋಗಬೇಕು. ಆಗಿಂದ ತಡಕೊಂಡು ಕುಂತೀನಿ."

ನಮ್ಮ ಕೆಳಗಿನ ಟಾಯ್ಲೆಟ್ ಇರುವುದು ಮೆಟ್ಟಿಲ ಅಡಿಯಲ್ಲೇ, ಅತ್ತೆ ಕೂತಿದ್ದ ಜಾಗಕ್ಕೆ ನೇರ ಕೆಳಗೆ. ಬಕೆಟ್ಟು, ಹಳೆಯ ಟವೆಲ್ ತಂದರೆ ಅಲ್ಲೇ ಆಗುತ್ತದೆ, ನಾಚಿಕೊಳ್ಳುವಂಥದ್ದೇನಿಲ್ಲ ಎಂದು ನೆರೆಯಾಕೆ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಇಲ್ಲೆ? ನಡೂ ಮೆಟ್ಟಲದಾಗ? ಒಲ್ಲೆ. ಕೇಳಬ್ಯಾಡ್ರಿ ನನಗ."

ಅದಕ್ಕೆ ಅನುವಾದ ಬೇಕಾಗಲಿಲ್ಲ. ಆಕೆ ತಲೆಯಾಡಿಸಿ, "ಸರಿ, ಹಾಗಿದ್ರೆ ಕೈಯಿಂದ ತಿರುಗಿಸಿ ಇಳಿಸಬೇಕು. ನನ್ನ ಗಂಡನಿಗೂ ಇಂಥದೇ ಕುರ್ಚಿ ಇತ್ತು. ಚಕ್ರ ಎಲ್ಲಿ?" ಎಂದರು.

"ಯಾವ ಚಕ್ರ?"

"ಆಟದ ಕಾರಿನ ಸ್ಟಿಯರಿಂಗ್ ಥರದ್ದು. ಕುರ್ಚಿ ಹಾಕಿದ ದಿನ ಕೊಟ್ಟಿರ್ತಾರೆ."

ನೆನಪಾಯಿತು. ಪ್ಲಾಸ್ಟಿಕ್ ಚೀಲದಲ್ಲಿದ್ದ, ಯಾವುದೋ ನಲ್ಲಿಯ ತಿರುಪಿನಂಥ ಕಪ್ಪು ವಸ್ತು. ಯಾತಕ್ಕೆ ಬರುತ್ತದೆಂದು ತಿಳಿಯದೆ ಹಿತ್ತಿಲ ಶೆಡ್ಡಿಗೆ ಸಾಗಿಸಿದ್ದೆ. ಮುಂದಿನ ಸಲ ಕೌನ್ಸಿಲ್ಲಿನ ಕಸದ ಕೇಂದ್ರಕ್ಕೆ ಹೋಗುವಾಗ ಎಸೆಯಬೇಕೆಂದು ಅದನ್ನು ಒಂದು ಪೆಟ್ಟಿಗೆಗೆ ಹಾಕಿದ್ದೂ ನೆನಪಿತ್ತು. ಆಮೇಲೆ ಆ ಕೇಂದ್ರಕ್ಕೆ ಹೋಗಿದ್ದೆನೋ ಇಲ್ಲವೋ, ಅದು ಮಾತ್ರ ನೆನಪಾಗಲಿಲ್ಲ.

ಚಪ್ಪಲಿಯಲ್ಲೇ ಓಡಿದೆ. ಹಿಮ ಮುಖಕ್ಕೆ ರಪರಪ ಹೊಡೆಯುತ್ತಿತ್ತು. ಶೆಡ್ಡಿನ ಬಾಗಿಲಿಗೆ ಹಿಮ ಒತ್ತಿಕೊಂಡು ತೆರೆಯಲೇ ಇಲ್ಲ, ಮಣ್ಣಿನ ಕುಂಡದ ತಟ್ಟೆಯಿಂದ ಕೆರೆದು ಕೆರೆದು ಒಂದು ಮೊಳ ಸರಿಸಿ ಒಳಗೆ ತೂರಿಕೊಂಡೆ. ಮೊಬೈಲ್ ಬೆಳಕಿನಲ್ಲಿ ಮೊದಲ ಪೆಟ್ಟಿಗೆ, ಬಣ್ಣದ ಡಬ್ಬಿಗಳು. ಎರಡನೆಯದು, ಹಳೆಯ ಪರದೆಯ ಸರಳುಗಳು, ತುಕ್ಕು ಹಿಡಿದ ಬೀಗ, ಒಂದೇ ಒಂದು ಕೈಗವಸು. ಅದರಡಿಯಲ್ಲಿ ಆ ಚೀಲ. ಅದನ್ನು ಎದೆಗವಚಿಕೊಂಡು ಅಲ್ಲೇ ಒಂದು ಉಸಿರು ನಿಂತೆ. ಕಾಲ್ಬೆರಳುಗಳ ಪರಿವೆಯೇ ಇರಲಿಲ್ಲ.

ನೆರೆಯಾಕೆ ಅಷ್ಟರಲ್ಲಿ ಅತ್ತೆಯ ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಕುರ್ಚಿಯ ಸ್ವಿಚ್ ಆರಿಸಿ, ಅದರ ಪಕ್ಕದ ಸಣ್ಣ ಮುಚ್ಚಳವನ್ನು ಚಮಚದ ತುದಿಯಿಂದ ತೆಗೆದಿದ್ದರು. ಒಳಗಿದ್ದ ಗೂಟಕ್ಕೆ ಚಕ್ರ ಸರಿಯಾಗಿ ಕೂತಿತು. ನಾನು ಮಂಡಿಯೂರಿ ತಿರುಗಿಸಿದೆ. ಒಂದು ಸುತ್ತು, ಎರಡು, ಐದು. ಏನೂ ಆದಂತೆ ಕಾಣಲಿಲ್ಲ.

"ಹೊಂಟೈತಿ, ಹೊಂಟೈತಿ!" ಎಂದು ಅತ್ತೆ ಕೂಗಿದರು.

ಹತ್ತು ಸುತ್ತಿಗೆ ಒಂದು ಬೆರಳಗಲ ಇಳಿಯುತ್ತಿತ್ತೇನೋ. ನನ್ನ ಮಣಿಕಟ್ಟು ಸೋತಾಗ ಆಕೆ, ಆಕೆ ಸೋತಾಗ ನಾನು. ನಾನು ಕನ್ನಡದಲ್ಲಿ ಎಣಿಸುತ್ತಿದ್ದೆ, ಆಕೆ ಇಂಗ್ಲಿಷಿನಲ್ಲಿ. ಮೆಟ್ಟಿಲು ಮುಗಿದಾಗಲೆಲ್ಲ ಅತ್ತೆ ಬಸ್ ಕಂಡಕ್ಟರನ ಹಾಗೆ ಜಾಹೀರು ಮಾಡುತ್ತಿದ್ದರು: "ಏಳು ಬಂತು... ಆರು ಬಂತು." ಐದನೆಯದರ ಹತ್ತಿರ ನೆರೆಯಾಕೆ ಬೆವರೊರೆಸಿಕೊಂಡು, "ಇವರನ್ನ ಮಾತಾಡಿಸ್ತಾ ಇರು, ಗಮನ ಬೇರೆ ಕಡೆ ಇರಲಿ. ಏನಾದ್ರೂ ತಮಾಷೆ ಹೇಳು," ಎಂದರು. ಅದನ್ನು ಅತ್ತೆಗೆ ಹೇಳಿದೆ.

"ನಗಸಬ್ಯಾಡ್ರಿ!" ಎಂದರು ಅತ್ತೆ ಗಾಬರಿಯಿಂದ. "ನಕ್ಕರ ಇಲ್ಲೇ ಆಗ್ತೈತಿ!"

ನೆರೆಯಾಕೆ ಅರ್ಥ ಕೇಳಿದರು. ಹೇಳಬಾರದಿತ್ತು, ಹೇಳಿದೆ. ಆಕೆ ಚಕ್ರ ಬಿಟ್ಟು ಗೋಡೆಗೊರಗಿ ನಕ್ಕರು, ಹೊಟ್ಟೆಯೊಳಗಿಂದ ಬರುವ ದೊಡ್ಡ ನಗೆ. ನಾನು ಕೆನ್ನೆ ಕಚ್ಚಿಕೊಂಡೆ, ಪ್ರಯೋಜನವಾಗಲಿಲ್ಲ. ಮೇಲೆ ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ಬಿಗಿಹಿಡಿದು, ಮೈಯೆಲ್ಲ ಕುಲುಕುತ್ತ, "ತಿರುವ್ರಬೇ, ತಿರುವ್ರಿ ಲಗೂನ!" ಎನ್ನುತ್ತಿದ್ದರು.

ಉಳಿದ ಮೆಟ್ಟಿಲುಗಳನ್ನು ಹೇಗೆ ಮುಗಿಸಿದೆವೋ ತಿಳಿಯದು. ಕೆಳಗೆ ತಲುಪಿದ ಕೂಡಲೇ ನೆರೆಯಾಕೆ ಬೆಲ್ಟ್ ಬಿಚ್ಚಿ, ಅತ್ತೆಯ ಎರಡೂ ಪಾದಗಳ ನಡುವೆ ತನ್ನ ಪಾದವಿಟ್ಟು, ಸೊಂಟ ಬಳಸಿ ಒಂದೇ ಸಲಕ್ಕೆ ಎಬ್ಬಿಸಿ ನಿಲ್ಲಿಸಿದರು. ಐದು ಹೆಜ್ಜೆ. ಕತ್ತಲ ಟಾಯ್ಲೆಟ್ಟಿನ ಬಾಗಿಲ ಸಂದಿಯಲ್ಲಿ ಕೈ ತೂರಿಸಿ, ಮುಖ ಆಚೆ ತಿರುಗಿಸಿಕೊಂಡು, ನಾನು ಮೊಬೈಲ್ ಬೆಳಕು ಹಿಡಿದೆ.

ಒಳಗಿನಿಂದ ಬಹಳ ಹೊತ್ತು ಸದ್ದು ಬಂತು. ಆಮೇಲೆ ಉದ್ದನೆಯ ಒಂದು ಉಸಿರು. "ಯಪ್ಪಾ, ಶಿವನೇ! ಜೀವ ಬಂತು."

"ಹಲ್ಲೆಲೂಯಾ!" ಎಂದು ನನ್ನ ಬೆನ್ನ ಹಿಂದಿನಿಂದ ನೆರೆಯಾಕೆಯ ಉತ್ತರ ಬಂತು.

ನನಗೆ ಆಗ ಅಳು ಬಂತು. ಮೂಗೆಳೆದುಕೊಂಡದ್ದು ಕೇಳಿ ಅತ್ತೆ ಒಳಗಿನಿಂದಲೇ, "ಅಳೂದೇನೈತಿ? ಎಲ್ಲಾ ಸುದ್ದ ಆತಲ್ಲ. ಹೋಗ, ಚಾಕ್ಕ ಇಡ," ಎಂದರು.

ಉಳಿದ ಹಗಲನ್ನು ಮೂವರೂ ಅಡುಗೆಮನೆಯಲ್ಲೇ ಕಳೆದೆವು. ಹಾಲಿನ ಬಾಟಲಿಗಳನ್ನು ಹಿತ್ತಿಲ ಹಿಮದಲ್ಲಿ ಹೂತಿಟ್ಟೆ. ಕಾಯಿಸಿದ ನೀರನ್ನು ರಬ್ಬರ್ ಚೀಲಗಳಿಗೆ ತುಂಬಿ ಅತ್ತೆಯ ಕಾಲ ಬಳಿ, ಬೆನ್ನ ಹಿಂದೆ ಇಟ್ಟೆ. ಒಲೆಯನ್ನು ಹಾಗೇ ಉರಿಯಬಿಟ್ಟರೆ ಬೆಚ್ಚಗಿರುತ್ತದೆ ಎಂದಾಗ, ಮುಚ್ಚಿದ ಮನೆಯಲ್ಲಿ ವಿಷಗಾಳಿ ತುಂಬಿಕೊಳ್ಳುತ್ತದೆ ಎಂದು ನೆರೆಯಾಕೆ ಬೈದು ಆರಿಸಿದರು. ಅಡುಗೆಗೆ ಹೊತ್ತಿಸಿದಾಗಲೂ ಕಿಟಕಿ ಸ್ವಲ್ಪ ತೆರೆದೇ ಇರಬೇಕೆಂದರು. ಉಪ್ಪಿಟ್ಟು ಮಾಡಿದೆ. ಆಕೆ ಎರಡನೆಯ ಸಲ ಹಾಕಿಸಿಕೊಂಡು, ಹಸಿಮೆಣಸಿನಕಾಯಿಯನ್ನು ಬದಿಗಿಡದೆ ತಿಂದರು. ಅತ್ತೆ ಅದನ್ನು ಗಮನಿಸಿ, "ಭೇಷ್," ಎಂದು ನನಗೆ ಕಣ್ಣಲ್ಲೇ ತೋರಿಸಿದರು.

ನಡುಮಧ್ಯಾಹ್ನ ನನ್ನ ಕಾರಿನಲ್ಲಿ ಕೂತು ಮೊಬೈಲ್ ಚಾರ್ಜ್ ಮಾಡಿಕೊಂಡೆ. ಗಂಡ ಆಗ ಸಿಕ್ಕರು. "ಅವ್ವ ಹೆಂಗದಾಳ?" ಎಂದರು. "ಉಪ್ಪಿಟ್ಟು ತಿಂತಿದಾರೆ" ಎಂದೆ. ಮಿಕ್ಕದ್ದು ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಒಳಗೆ ಬಂದಾಗ ನೆರೆಯಾಕೆ ತನ್ನ ಗಂಡನ ಮಾತು ಆಡುತ್ತಿದ್ದರು. ಅತ್ತೆಗೆ ಭಾಷೆ ತಿಳಿಯದಿದ್ದರೂ ತಲೆಯಾಡಿಸುತ್ತ ಕೇಳುತ್ತಿದ್ದರು. ಪಾರ್ಕಿನ್ಸನ್ಸ್ ಕಾಯಿಲೆ, ಮೂರು ವರ್ಷ ಮನೆಯಲ್ಲೇ ನೋಡಿಕೊಂಡರಂತೆ. ಒಮ್ಮೆ ಕುರ್ಚಿ ಕೆಟ್ಟು ನಿಂತಾಗ ಒಬ್ಬರೇ ಚಕ್ರ ತಿರುಗಿಸಿ ಇಳಿಸಿದ್ದರಂತೆ. ಗಂಡ ತೀರಿಹೋದ ವಾರವೇ ಕುರ್ಚಿ ತೆಗೆಸಿದ್ದಾಯಿತು, ಹಳಿ ಕೂತಿದ್ದ ಗುರುತು ಕಾರ್ಪೆಟ್ಟಿನ ಮೇಲೆ ಇನ್ನೂ ಇದೆ ಎಂದರು. ಕುರ್ಚಿ ಕೆಟ್ಟ ಆ ದಿನಕ್ಕೆ ನಾವು ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ನಡುವೆ ಇದ್ದದ್ದು ಒಂದೇ ಗೋಡೆ.

"ಒಬ್ಬರೇ ಇಳಿಸಿದ್ರಾ?" ಎಂದು ಕೇಳಿದೆ.

"ಯಾರನ್ನ ಕರೆಯೋದು, ಗೊತ್ತಿರಲಿಲ್ಲ," ಎಂದು ಆಕೆ ಚಹಾದ ಲೋಟ ಮುಂದೆ ಚಾಚಿದರು. ಇನ್ನಷ್ಟು ಬಗ್ಗಿಸಿದೆ.

ನಾಲ್ಕು ಗಂಟೆಗೆ ಹೊರಗೆ ಮಬ್ಬು ಕವಿಯಿತು. ಗಾಳಿಯ ಆರ್ಭಟ ಇಳಿದಿತ್ತು. ಮೇಣದಬತ್ತಿ ಹುಡುಕಲು ಡ್ರಾಯರ್ ಎಳೆಯುವಷ್ಟರಲ್ಲಿ ಫ್ರಿಜ್ ಗುರ್ ಎಂದಿತು, ತಲೆಯ ಮೇಲಿನ ದೀಪ ಹತ್ತಿತು. ಬೀದಿಯ ಯಾವುದೋ ಮನೆಯಿಂದ ಮಕ್ಕಳು ಹೋ ಎಂದು ಕೂಗಿದ್ದು ಕೇಳಿಸಿತು.

ಸಂಜೆ ದೀಪ ಹಚ್ಚಿದಾಗ ಕೈ ಮುಗಿಯುವುದು ಅತ್ತೆಯ ರೂಢಿ, ಅದು ಕರೆಂಟಿನ ದೀಪವಾದರೂ ಸರಿಯೇ. ಬಲಗೈಯನ್ನು ಎಡಗೈಯಿಂದ ಎತ್ತಿ ಜೋಡಿಸಿಕೊಂಡು, ಕಣ್ಣು ಮುಚ್ಚಿ, ತಲೆಬಾಗಿದರು. ಎದುರಿಗೆ ಕೂತಿದ್ದ ನೆರೆಯಾಕೆ ಅದು ತನಗೇ ಎಂದುಕೊಂಡರು. ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನೆಟ್ಟಗೆ ಕೂತು, ತಾವೂ ಎರಡು ಕೈ ಜೋಡಿಸಿ ಅತ್ತೆಗೆ ತಲೆಬಾಗಿದರು.

ಅತ್ತೆ ಕಣ್ಣು ತೆರೆದು ನೋಡಿದರು. ಕೈ ಇಳಿಸಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಏನೂ ಹೇಳಬೇಡವೆಂಬಂತೆ ಹುಬ್ಬು ಕುಣಿಸಿ, ಮತ್ತೆ ಆಕೆಯ ಕಡೆ ತಿರುಗಿ ಇನ್ನೊಂದು ಸಲ ತಲೆಬಾಗಿದರು.

ಗೋಡೆಯ ಒಳಗೆ ಬಾಯ್ಲರ್ ಹೊತ್ತಿಕೊಂಡ ಸದ್ದಾಯಿತು. ರೇಡಿಯೇಟರಿನ ಮೇಲೆ ಕೈಯಿಟ್ಟು ನಿಂತೆ. ಮೊದಲು ತಣ್ಣಗೇ ಇತ್ತು, ಆಮೇಲೆ ನಿಧಾನವಾಗಿ ಬಿಸಿ ಬೆರಳಿಗೆ ಹತ್ತತೊಡಗಿತು.