ಸರೋಜತ್ತೆ ಹಿಡಿದ ಜ್ವಾಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಗುರುಸ್ವಾಮಿ ಮಾವ ಸೂರ್ಯನನ್ನು ಬಿಟ್ಟು ಕಾಫಿಗೆ ಓಡಿದ್ದು ನನ್ನ ದೆಸೆಯಿಂದ. ಇವತ್ತು ಬೆಳಿಗ್ಗೆ ಕರಿ ಕಂಬಳಿಯೊಂದನ್ನು ಬಿಸಿಲಿಗೆ ಹರವುವಾಗ ಕಾದ ಉಣ್ಣೆಯ ವಾಸನೆ ಮೂಗಿಗೆ ಬಡಿದು, ಆ ಪಾಪ ಎದ್ದು ಕೂತಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಾವನಿಗೆ ಕಡಕೊಳದ ಕಾರ್ಖಾನೆಯಲ್ಲಿ ಕೆಲಸ. ಬಿಡುವು ಭಾನುವಾರ ಮಾತ್ರ. ಅವತ್ತು ವಿಜಯನಗರದ ಮನೆಯ ತಾರಸಿಯ ಮೇಲೆ ಟೆಲಿಸ್ಕೋಪಿಗೆ ಫಿಲ್ಟರ್ ಹಾಕಿ ಕೂರುತ್ತಿದ್ದರು. ಜಲಜನಕ ಸೂಸುವ ಒಂದೇ ಒಂದು ಎಳೆ ಕೆಂಪನ್ನು ಒಳಗೆ ಬಿಟ್ಟು, ಉಳಿದ ಬೆಳಕನ್ನೆಲ್ಲ ಟಾಕೀಸಿನ ಗೇಟಿನವನ ಹಾಗೆ ಹೊರಗೇ ನಿಲ್ಲಿಸುವ ಫಿಲ್ಟರ್ ಅದು. ಹಿಂದೆ ಕ್ಯಾಮೆರಾ, ಅದರಿಂದ ಲ್ಯಾಪ್‌ಟಾಪಿಗೆ ತಂತಿ. ಬಿಸಿಲಲ್ಲಿ ಪರದೆ ಕಾಣದೆಂದು ತಲೆಯ ಮೇಲೆ ಕಂಬಳಿ. ಏಪ್ರಿಲ್‌ನಲ್ಲಿ ಕಂಬಳಿ ಹೊದ್ದವರನ್ನು ಕಂಡು ಪಕ್ಕದ ಮನೆಯವರು ಚಳಿಜ್ವರವೇ ಎಂದು ವಿಚಾರಿಸಿದ್ದರು. ನೀವಾಗಿದ್ದರೂ ವಿಚಾರಿಸುತ್ತಿದ್ದಿರಿ.

ಅವರಿಗೆ ಬೇಕಾಗಿದ್ದುದು ಸೂರ್ಯನ ಅಂಚಿನಿಂದ ಚಿಮ್ಮುವ ದೊಡ್ಡ ಜ್ವಾಲೆಯ ಒಂದು ಚಿತ್ರ. ಜ್ವಾಲೆ ಭಾನುವಾರ ನೋಡಿಕೊಂಡು ಏಳುವುದಿಲ್ಲವಲ್ಲ. "ಈ ವಾರಾನೂ ಸಿಗ್ಲಿಲ್ಲ ಅಂದ್ರೆ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕ್ಬುಡ್ತೀನಿ ಕಣೋ," ಎಂದಿದ್ದರು.

ನಾನಾಗ ಕಾಲೇಜಿನಲ್ಲಿದ್ದೆ. ನನ್ನ ದನಿಯೊಂದನ್ನು ಬಿಟ್ಟು ಊರವರ ದನಿಯೆಲ್ಲ ನನಗೆ ಬರುತ್ತಿತ್ತು. ಆ ಭಾನುವಾರ ಅವರ ಮನೆಯ ಹಜಾರದಲ್ಲಿ ನಿಂತು ಸರೋಜತ್ತೆಯ ದನಿಯಲ್ಲಿ, "ರೀ, ಕಾಫಿ ಆರೋಗ್ತಿದೆ ಬನ್ರೀ," ಎಂದೆ. ಮಾವ ಇಳಿದು ಬಂದರು. ಕಾಫಿಯೂ ಇಲ್ಲ, ಅತ್ತೆಯೂ ಇಲ್ಲ. ನಾನು ಹಲ್ಲು ಕಿರಿದೆ.

ಅಷ್ಟರಲ್ಲಿ ಮೇಲಿಂದ ಅತ್ತೆಯ ನಿಜವಾದ ದನಿ: "ರೀ, ಬೇಗ ಬನ್ನಿ, ಅಂಚಲ್ಲಿ ಏನೋ ಎದ್ದಿದೆ."

ಮಾವ ನನ್ನ ಬಾಯನ್ನೇ ನೋಡಿದರು. ಅದು ಮುಚ್ಚಿತ್ತು. "ಬಾಯಿ ಮುಚ್ಕೊಂಡೂ ಮಾಡ್ತೀಯೇನೋ? ಇನ್ನೊಂದ್ಸಲ ಮೋಸ ಹೋಗಲ್ಲ," ಎಂದು ಕುರ್ಚಿಯಲ್ಲಿ ಭದ್ರವಾಗಿ ಕೂತರು. ನಾನು ಆಣೆ ಇಟ್ಟೆ. ನನ್ನ ಆಣೆಗೆ ಆ ಮನೆಯಲ್ಲಿ ಬೆಲೆ ಇರಲಿಲ್ಲ.

ಕೊನೆಗೆ ಅತ್ತೆಯೇ ಇಳಿದು ಬಂದರು. ಟ್ಯಾಂಕಿನ ಹಿಂದೆ ಸಂಡಿಗೆ ಒಣಹಾಕುತ್ತಿದ್ದವರು, ತಮ್ಮದೇ ದನಿ ಕೆಳಗಿಂದ ಬಂದದ್ದು ಕೇಳಿ ಬೆಚ್ಚಿ, ಗಂಡ ಬಿಟ್ಟುಹೋದ ಕಂಬಳಿಯೊಳಗೆ ಇಣುಕಿದ್ದರಂತೆ. "ಎಣ್ಣೆಗೆ ಬಿಟ್ಟ ಸಂಡಿಗೆ ಥರ ಅರಳ್ತಿತ್ತು ಕಣ್ರೀ. ಕೂಗಿದ್ರೂ ನೀವು ಬರ್ಲಿಲ್ಲ. ಯಾವಾಗ್ಲೂ ನೀವೊತ್ತೋ ಗುಂಡೀನ ನಾನೇ ಒತ್ತಿದೆ. ಈಗ ಮೋಡ ಮುಚ್ಕೊಂಡ್ತು."

ಮಾವ ಎರಡೆರಡು ಮೆಟ್ಟಿಲು ಹಾರಿದರು. ಎಲ್ಲ ರೆಕಾರ್ಡಾಗಿತ್ತು. ನೂರಾರು ಚಿತ್ರಗಳಲ್ಲಿ ಅಲುಗದವನ್ನು ಆರಿಸಿ, ಒಂದರ ಮೇಲೊಂದು ಕೂರಿಸಿದಾಗ ಸಂಜೆಗೆ ಪರದೆಯ ಮೇಲೆ ಕಮಾನಿನಂತೆ ಬಾಗಿದ ಜ್ವಾಲೆ ಮೂಡಿತು. ಮಾವ ಚಿತ್ರದ ಕೆಳಗೆ ಹೆಂಡತಿಯ ಹೆಸರು ಬರೆದು, "ಮುಂದಿನ ಭಾನುವಾರ ಸಂಡಿಗೆ ಬೇಡ ಸರೋಜ, ನೀನೂ ಕೂತ್ಕೊ," ಎಂದರು. ಅಟ್ಟದ ಮಾತು ಮತ್ತೆ ಬರಲಿಲ್ಲ.

ಈಗ ನಾನೂ ಭಾನುವಾರಗಳಲ್ಲಿ ಸೂರ್ಯನಿಗೆ ಕಾಯುತ್ತೇನೆ, ಅದೂ ಬಾಯಿ ಮುಚ್ಚಿಕೊಂಡು. ಅವತ್ತು ಮಾತ್ರ ಸುಮ್ಮನಿರಲಾಗಲಿಲ್ಲ. "ಅತ್ತೆ, ಮಾವನ್ನ ಕೆಳಗಿಳಿಸಿದ್ದು ನಾನು. ಚಿತ್ರಕ್ಕೆ ನನ್ನ ಹೆಸರೂ ಹಾಕ್ಸಿ," ಎಂದೆ.

ಅತ್ತೆ ತಿರುಗಿಯೂ ನೋಡದೆ ಹೇಳಿದರು: "ಹಾಕ್ಸೋಣ ಬುಡು. ಅಡ್ಡ ಬಂದ ಮೋಡ ಅಂತ."