ಹಸಿದ ಕೌದಿ

ಹೋದ ವಾರವೆಲ್ಲ ನಮ್ಮ ಪಡಸಾಲೆಯಲ್ಲಿ ಒಂದು ಕೌದಿ ಹಸಿದುಕೊಂಡು ಬಿದ್ದಿತ್ತು.

ನಗಬೇಡಿ. ನಮ್ಮ ಹುಮನಾಬಾದ ಕಡೆ ಕೌದಿಗೂ ಹೊಟ್ಟೆ ಇರುತ್ತದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಹೊಲಿಯುತ್ತ ಬಂದು, ಕೊನೆಗೆ ಅಂಗೈಯಷ್ಟು ಜಾಗ ಬಿಡುತ್ತಾರೆ. ಅದರೊಳಗೆ ಜೋಳದ ರೊಟ್ಟಿಯ ಚೂರು ಇಟ್ಟು ಹೊಲಿಗೆ ಮುಗಿಸಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. (ಯಾರು ಪರೀಕ್ಷೆ ಮಾಡಿ ನೋಡಿದ್ದಾರೋ! ಆದರೆ ರೊಟ್ಟಿ ಇಡದೆ ಬಿಟ್ಟವರನ್ನು ನಾನು ಕಂಡಿಲ್ಲ.)

ಈ ಕೌದಿ ನನ್ನ ತಂಗಿ ಗಂಗೂಳ ಸೀರೆಗಳದು. ಗಂಗೂ ಈಗ ಇಲ್ಲ.

ಅವಳು ಬಸವಕಲ್ಯಾಣದ ಒಂದು ಸಣ್ಣ ಸಂಸ್ಥೆಯ ಬಾಲವಾಡಿಯಲ್ಲಿ ಟೀಚರ್ ಆಗಿದ್ದಳು. ಆ ಸಂಸ್ಥೆಯವರು ಆಫ್ರಿಕಾದಲ್ಲಿ, ಕೀನ್ಯಾದ ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಮಕ್ಕಳಿಗಾಗಿ ಕೆಲಸ ಶುರು ಮಾಡಿದಾಗ ಇವಳೂ ಟ್ರಂಕು ಕಟ್ಟಿದಳು. ಪಕ್ಕದ ಊರು ಮುಡಬಿಗೆ ಬಸ್ಸಿನಲ್ಲಿ ಹೋದರೇ ವಾಂತಿ ಮಾಡಿಕೊಳ್ಳುವವಳು, ಸಮುದ್ರ ದಾಟಿದಳು!

ನಾನು ಭೂಗೋಳ ಹೆಚ್ಚು ಓದಿದವಳಲ್ಲ. ನನ್ನ ಪಾಲಿಗೆ ಆಫ್ರಿಕಾ ಎಂದರೆ ಮುಡಬಿ ದಾಟಿದ ಮೇಲೆ ಬರುವ ಊರು. ಕಣ್ಣು ಮುಚ್ಚಿದರೆ ಕಾಣುತ್ತದೆ. ನಮ್ಮ ಕರಿ ಮಣ್ಣು ಹಾಗೇ ಹೋಗುತ್ತ ಹೋಗುತ್ತ ಕೆಂಪಾಗುತ್ತದೆ. ದಾರಿ ಏರುತ್ತದೆ. ಮಂಜು ಇಳಿಯುತ್ತದೆ. ಆ ಮಂಜಿನಲ್ಲಿ ಗಂಗೂ ಹಸಿರು ಸೀರೆ ಉಟ್ಟು ನಿಂತಿದ್ದಾಳೆ. ಸುತ್ತ ಮಕ್ಕಳು. ಯಾವ ಭಾಷೆಯಲ್ಲೋ ಹಾಡುತ್ತಿದ್ದಾರೆ, ನನಗೆ ಮಾತ್ರ ಎಲ್ಲ ತಿಳಿಯುತ್ತಿದೆ.

ಒಮ್ಮೆ ರಜೆಗೆ ಬಂದಾಗ ಅವಳು ಅಲ್ಲಿಯ ನಲ್ಲಿಯ ಕತೆ ಹೇಳಿದ್ದಳು. ಊರ ಹಿರಿಯರು, ಸಂಸ್ಥೆಯವರು ಕೂಡಿ ಬಾಲವಾಡಿಯ ಮುಂದೆ ನಲ್ಲಿ ಹಾಕಿಸಿದರು. ಪೂಜೆ, ಭಾಷಣ, ಚಪ್ಪಾಳೆ ಎಲ್ಲ ಆಯಿತು. ಮರುದಿನ ನೋಡಿದರೆ ಒಂದು ಮಗುವಿನ ಕೈಗೂ ನಲ್ಲಿ ಎಟುಕಲಿಲ್ಲ!

“ಯಾರೂ ಮಕ್ಕಳನ್ನ ಕೇಳಲೇ ಇಲ್ಲ ನೋಡಕ್ಕಾ,” ಎಂದು ನಕ್ಕಿದ್ದಳು. ಆಮೇಲೆ ಸಂಸ್ಥೆಯವರು ಒಂದು ಪದ್ಧತಿ ಇಟ್ಟುಕೊಂಡರು. ಯಾವ ಸಭೆಯಾದರೂ ಮಕ್ಕಳು ಮುಂದೆ ಕೂಡಬೇಕು. ಮೊದಲ ಮಾತು ಅವರದು.

ಮತ್ತೆ ಹೋದವಳು ಬರಲಿಲ್ಲ. ಜ್ವರವೆಂದು ತಾರು ಬಂತು. ಅದರ ಹಿಂದೆಯೇ ಇನ್ನೊಂದು. ಅಲ್ಲೇ ಮಣ್ಣು ಮಾಡಿದರು. ಅವಳೊಂದಿಗೆ ಅಲ್ಲಿ ಕೆಲಸ ಮಾಡುತ್ತಿದ್ದ ಶರಣಪ್ಪ ಮಾಸ್ತರರು ಟ್ರಂಕು ತಂದುಕೊಟ್ಟು ಹೋದರು.

ಸೀರೆಗಳನ್ನು ಪಕ್ಕದ ಮನೆಯ ಮೆಹಬೂಬಬೀ ಕೌದಿ ಮಾಡಿದಳು. ಕೊನೆಯ ಅಂಗೈ ಜಾಗ ಮಾತ್ರ ನಾನು ಮುಚ್ಚಗೊಡಲಿಲ್ಲ. ಇವತ್ತು ರೊಟ್ಟಿ ಮಾಡಿಲ್ಲ, ನಾಳೆ ನೋಡೋಣ ಎನ್ನುತ್ತಿದ್ದೆ. (ನಮ್ಮ ಮನೆಯಲ್ಲಿ ರೊಟ್ಟಿ ಮಾಡದ ದಿನವುಂಟೇ?) ಮುಚ್ಚಿದರೆ ಎಲ್ಲ ಮುಗಿದ ಹಾಗಲ್ಲವೇ?

ಶುಕ್ರವಾರ ಮಾಸ್ತರರು ಬಂದರು. ಮತ್ತೆ ಆ ಹಳ್ಳಿಗೆ ಹೊರಟಿದ್ದರು. ಚಹಾ ಕುಡಿದು, ಕೌದಿಯನ್ನು ನೋಡಿ ನನಗೆ ಮೆಲ್ಲಗೆ ಅಂದರು:

“ಬಾಯಿ, ಇದನ್ನ ಅಲ್ಲೀ ಮಕ್ಕಳಿಗೆ ಒಯ್ಯಲೇನ್ರಿ?”

ನನಗಿಂತ ಮೊದಲು, ಪಕ್ಕದಲ್ಲಿ ಬೇರೆ ಹೊಲಿಗೆ ಹಿಡಿದು ಕೂತಿದ್ದ ಮೆಹಬೂಬಬೀ ಸಿಡಿದಳು.

“ಏನ್ ಮಾತ್ರಿ ಮಾಸ್ತರ್! ಆಫ್ರಿಕಾ ಅಂದ್ರ ಬೆಂಕಿಯಂಥಾ ಬಿಸಲ ಅಂತ. ಅಲ್ಲಿ ಕೌದಿ ಯಾರ ಹೊದೀತಾರ? ನನ್ನ ಮೆಹನತ್ ಹಾಳ ಮಾಡಾಕತ್ತೀರೇನು?”

“ಇಲ್ಲ ಬೀ. ಅದು ಗುಡ್ಡದ ಊರು. ಮುಂಜಾನೆ ಹಲ್ಲ ಕಟಕಟ ಅಂತಾವ.”

ನನಗೆ ಕೊಡುವ ಮನಸ್ಸಿರಲಿಲ್ಲ. ತಂಗಿಯನ್ನಂತೂ ಒಯ್ದಿರಿ, ಸೀರೆಗಳನ್ನೂ ಒಯ್ಯುತ್ತೀರಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಮೊಮ್ಮಗಳು ನೀಲಾ ಕೌದಿಯ ಮೇಲೆ ಬೋರಲು ಬಿದ್ದುಕೊಂಡು ನಮ್ಮೆಲ್ಲರ ಮುಖ ನೋಡುತ್ತಿದ್ದಳು. ಮಾಸ್ತರರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗಂಗೂ ಕೂಡ ಹೀಗೇ ಕೂಡುತ್ತಿದ್ದಳು.

“ನೀ ಹೇಳವ್ವ. ಈ ಕೌದಿ ಏನ್ ಮಾಡೋಣು?”

ಗಂಗೂಳನ್ನು ಸಣ್ಣಾಯಿ ಎನ್ನುವ ನೀಲಾ ತಿರುಗಿ ಕೇಳಿದಳು:

“ಸಣ್ಣಾಯಿಗೆ ಜ್ವರ ಬಂದಾಗ ಅಲ್ಲಿ ಯಾರ ಹೊದಸಿದ್ರು?”

ಮೆಹಬೂಬಬೀಯ ಸೂಜಿ ನಿಂತಿತು. ನಾನು ಇಷ್ಟು ದಿನ ಕೇಳದ ಮಾತು ಅದು. ಯಾವ ಡಾಕ್ಟರು, ಯಾವ ಔಷಧ, ಎಲ್ಲ ಕೇಳಿದ್ದೆ. ಇದನ್ನು ಕೇಳಲು ಧೈರ್ಯವಾಗಿರಲಿಲ್ಲ. ಪರದೇಶದಲ್ಲಿ ಒಬ್ಬಳೇ ನಡುಗುತ್ತ ಸತ್ತಳು ಎಂದುಬಿಟ್ಟರೆ?

ಮಾಸ್ತರರು ಕೌದಿಯ ಅಂಚು ಸವರುತ್ತ ಹೇಳಿದರು:

“ಬಾಲವಾಡಿ ಮಕ್ಕಳೇ ಹೊದಸಿದ್ರವ್ವ. ಟೀಚರ್ ನಡಗಾಕತ್ತಾರಂತ ತಮ್ಮ ತಮ್ಮ ಮನಿಯಿಂದ ಹೊದಿಕಿ ಎಳಕೊಂಡು ಬಂದ್ರು. ಒಂದರ ಮ್ಯಾಲ ಒಂದು. ಬ್ಯಾಡಂದ್ರೂ ಕೇಳಲಿಲ್ಲ. ಬೆಚ್ಚಗಾಯ್ತು ಅಂತ ನಿಮ್ಮ ಸಣ್ಣಾಯಿ ನಕ್ಕಳು.”

“ಹಂಗಾರ ಅವರು ಏನ್ ಹೊದ್ದರು?”

“ಅದನ್ನ ನಾವ್ಯಾರೂ ಕೇಳಲಿಲ್ಲವ್ವ.”

ನೀಲಾ ಕೌದಿಯ ಮೇಲಿಂದ ಎದ್ದಳು. ಅಷ್ಟೇ. ಅದರ ಒಂದು ತುದಿ ಹಿಡಿದು ಮಡಚತೊಡಗಿದಳು.

ನಾವು ದೊಡ್ಡವರು ಮಕ್ಕಳಿಗಾಗಿ ಎಷ್ಟೆಲ್ಲ ಮಾಡುತ್ತೇವೆ! ಶಾಲೆ, ನಲ್ಲಿ, ಸಭೆ, ಭಾಷಣ. ಕೈಗೆ ಎಟುಕಿತೇ, ಚಳಿಯಾಯಿತೇ ಎಂದು ಕೇಳುವುದೊಂದೇ ನಮಗೆ ನೆನಪಾಗುವುದಿಲ್ಲ.

ನಾನು ಅಡುಗೆಮನೆಗೆ ಹೋಗಿ ಬುಟ್ಟಿಯಿಂದ ರೊಟ್ಟಿ ತೆಗೆದೆ. ಚೂರು ಮುರಿದೆ. ಮೆಹಬೂಬಬೀ ಕಣ್ಣೊರೆಸಿಕೊಂಡು ಸೂಜಿಗೆ ದಾರ ಪೋಣಿಸುತ್ತ ಗದರಿದಳು:

“ಇಷ್ಟ ಸಣ್ಣ ಚೂರೇನ್ರಿ ಬಾಯಿ? ದೊಡ್ಡದ ಇಡ್ರಿ. ಅದು ಭಾಳ ದೂರ ಹೋಗಬೇಕು.”

ದೊಡ್ಡದೇ ಇಟ್ಟೆ. ಅವಳು ಕೌದಿಯ ಬಾಯಿ ಮುಚ್ಚಿ ಹೊಲಿದಳು. ಮಾಸ್ತರರು ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಬಸವಕಲ್ಯಾಣದ ಬಸ್ಸಿಗೆ ನಡೆದರು. ಹಸಿರು ಅಂಚು ತಿರುವಿನ ತನಕ ಕಾಣುತ್ತಿತ್ತು.

ಈಗ ಬೆಳಗಿನ ಚಳಿಗೆ ಎಚ್ಚರವಾದರೆ ನಾನು ಮೊದಲಿನ ಹಾಗೆ ಅಳುವುದಿಲ್ಲ. ಮುಡಬಿಯ ದಿಕ್ಕಿಗೆ ಮುಖ ಮಾಡಿ ಮಲಗಿ ಒಂದೇ ಮಾತು ಕೇಳಿಕೊಳ್ಳುತ್ತೇನೆ: ಅಲ್ಲಿ ಮಂಜು ಬಿದ್ದಿರಬಹುದೇ, ಮಕ್ಕಳಿನ್ನೂ ಮಲಗಿರಬಹುದೇ?