ತೊಳೆಯದ ಹೆಸರು

ಶಹಾಪುರದ ಕಾಲುವೆ ಸೀಮೆಯಲ್ಲಿ ದೇವಕಮ್ಮನಿಂದ ಬೈಸಿಕೊಳ್ಳದ ಹೊಲದೊಡೆಯ ಯಾರಾದರೂ ಇದ್ದರೆ ಅವನು ಭತ್ತವನ್ನೇ ಹಚ್ಚಿಲ್ಲ ಎಂದು ತಿಳಿಯಬೇಕು. ನಾಟಿ ಹಚ್ಚುವ ಹದಿನಾರು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಆಳು ಗಿಡ್ಡ, ದನಿ ಮಾತ್ರ ಮೂರು ಹೊಲ ದಾಟಿ ಕೇಳುತ್ತಿತ್ತು. ಹುಟ್ಟಿದ್ದು ಬಳಿಚಕ್ರದಲ್ಲಿ, ಮಳೆಯನ್ನೇ ನಂಬಿದ ಊರು. ಮದುವೆಯಾಗಿ ಕಾಲುವೆಯ ತುದಿಯ ನಮ್ಮೂರಿಗೆ ಬಂದವಳು ತವರಿನ ಜೋಳದ ಹೊಲದ ಹಾಡನ್ನು ಭತ್ತದ ಕೆಸರಿಗೆ ಇಳಿಸಿದಳು. ನಾನು ಇಲ್ಲಿಯ ಶಾಲೆಯ ಮಾಸ್ತರ. ನನ್ನ ಎರಡೆಕರೆಗೂ ಅವಳದೇ ನಾಟಿ, ವರ್ಷಾ ವರ್ಷ ನಾನೂ ಬೈಸಿಕೊಂಡವನೇ.

ಆ ಬೈಗುಳಕ್ಕೆ ಒಂದು ಕಟ್ಟಳೆ ಇತ್ತು. ನಾಟಿಯ ಕೊನೆಯ ಸಾಲಿನಲ್ಲಿ ನಿಂತು ದೇವಕಮ್ಮ ಹೊಲದೊಡೆಯನ ಹೆಸರು ಹಿಡಿದು ಬೈದು ಹಾಡುವಳು. ಜಿಪುಣ ಅನ್ನುವಳು, ನೀರುಗಳ್ಳ ಅನ್ನುವಳು, ಬಾಯಿಗೆ ಬಂದದ್ದು. ಒಡೆಯ ನಗುತ್ತ ಬದುವಿನ ಮೇಲೆ ಬಂದು ಎಲೆ ಅಡಿಕೆ ಕೊಡಬೇಕು. ಕೊಟ್ಟರೆ 'ತಪ್ಪಾಗಿದೆ' ಎಂದು ಒಪ್ಪಿಕೊಂಡಂತೆ. ಆಮೇಲೆ ಅವಳು ತೊಳೆಯುವ ನುಡಿ ಹಾಡಿ, ಕೆಡಿಸಿದ ಹೆಸರನ್ನು ಶುಭ್ರ ಮಾಡಿ ಕೈಗೆ ಕೊಡುವಳು. ತೊಳೆಯದೆ ಯಾರೂ ಬದು ಹತ್ತುವಂತಿರಲಿಲ್ಲ. ಎಷ್ಟೋ ಒಡೆಯರು ಬೈಗುಳ ಸಾಲದು ಎಂದು ಇನ್ನಷ್ಟು ಬೈಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಮರಿಲಿಂಗಪ್ಪನನ್ನು ಅವಳ ಬಳಿಗೆ ಕರೆದೊಯ್ದವನು ನಾನೇ. ನನ್ನ ಹಳೆಯ ವಿದ್ಯಾರ್ಥಿ, ಶಹಾಪುರದಲ್ಲಿ ಗಿಟಾರು ಹಿಡಿದು ರಾಕ್ ಬ್ಯಾಂಡ್ ಕಟ್ಟಿದ್ದ. ಸುರಪುರದ ಮದುವೆ ಮೆರವಣಿಗೆಗಳಲ್ಲಿ ಬಾರಿಸುತ್ತಿದ್ದ ಯಾಕೂಬಸಾಬನನ್ನು ಡ್ರಮ್ಮಿಗೆ ಕೂಡಿಸಿಕೊಂಡಿದ್ದ. ಮೂರು ವರ್ಷವಾದರೂ ಇವರನ್ನು ಕೇಳುವ ನಾಯಿ ಇರಲಿಲ್ಲ. ಆ ವರ್ಷ ಕಾಲುವೆಯ ಮೇಲಿನ ಊರಿನವರೆಲ್ಲ ಪಂಪು ಹಾಕಿ ನಮ್ಮ ತುದಿಗೆ ಹನಿ ನೀರೂ ಬಂದಿರಲಿಲ್ಲ. ಮರಿಲಿಂಗಪ್ಪನಿಗೆ ನೀರುಗಳ್ಳನ ನುಡಿ ಬೇಕಾಯಿತು.

ಹತ್ತಿ ಬಿಡಿಸುವ ಜಿನ್ನಿನ ಮೇಲಿನ ಕೋಣೆಯಲ್ಲಿ, ಗೋಡೆಗೆ ಗಾದಿ ಕಟ್ಟಿ ರೆಕಾರ್ಡಿಂಗ್ ಮಾಡಿದರು. ದೇವಕಮ್ಮ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಿಂತು, "ಯಾರ ಹೆಸರು ಹಿಡೀಲ್ರಿ?" ಎಂದಳು. ಅಲ್ಲಿ ಒಡೆಯನಿರಲಿಲ್ಲ. ಯಾವುದಾದರೂ ಹೆಸರು ಎಂದ ಮರಿಲಿಂಗಪ್ಪ. ಅವಳು ತನ್ನ ಅಣ್ಣ ಹುಲಗಪ್ಪನ ಹೆಸರು ಹಿಡಿದಳು.

ಹುಲಗಪ್ಪ ಗುತ್ತಿಗೆದಾರನೊಬ್ಬನ ಕೈಕೆಳಗೆ ಕಾಲುವೆ ಗೇಟು ಎತ್ತುವ ಕೆಲಸದಲ್ಲಿದ್ದ. ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಕೊಟ್ಟಿದ್ದರು. ಪ್ರತಿ ನಾಗರ ಪಂಚಮಿಗೆ ತಾನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಿದ್ದ, ಒಂದು ವರ್ಷವೂ ತಪ್ಪಿಸಿದವನಲ್ಲ.

"ಅವ ಗೇಟಿನ ಮ್ಯಾಲ ಅದಾನಲ್ಲವ್ವ" ಎಂದೆ.

"ಮಂದಿ ಹೆಸರು ಹಿಡದ್ರ ಮನಿ ಮುರಿತಾವ್ರಿ ಮಾಸ್ತರ. ಅಣ್ಣಗ ಬೈದ್ರ ಮನ್ಯಾಗ ಉಳಿತೈತಿ. ಹೆಂಗೂ ಕೂಡ್ಲೇ ತೊಳಿತೀನಲ್ಲ."

ಹೀಗೆ ಹಾಡಿದಳು:

*ಮ್ಯಾಲಿನ ಹೊಲ ತುಂಬಿ ಹರದಾವ, ಕೆಳಗಿನ ಬಾಯಿ ಒಣಗ್ಯಾವ,*
*ನೀರ ಮಾರಿ ಉಂಡೆಲ್ಲೋ ಹುಲಗಪ್ಪ, ನಿನ ಅನ್ನಕ ಹುಳ ಬೀಳಲಿ.*

ಯಾಕೂಬಸಾಬನ ಕೋಲು ಒಂದು ಗಳಿಗೆ ನಿಂತೇಬಿಟ್ಟಿತು. ದೇವಕಮ್ಮ ನನ್ನತ್ತ ಕೈ ಚಾಚಿ, "ಅಣ್ಣನ ಬದಲಿ ನೀವು ಎಲಿ ಕೊಡ್ರಿ" ಎಂದಳು. ಕೆಳಗಿನ ಅಂಗಡಿಯಿಂದ ತಂದು ಕೊಟ್ಟೆ. ಸೆರಗು ಹೊದ್ದು ತೊಳೆಯುವ ನುಡಿ ಹಾಡಿದಳು:

*ಬೈದ ಬಾಯಿ ನಂದ, ಬಡತನ ನಂದ, ಹುಲಗಪ್ಪನ ಹೆಸರ ಬಂಗಾರ,*
*ಕೆಸರ ಕೈಗಷ್ಟ ಹತ್ತೈತಿ, ತೊಳದೇನಿ ತೊಗೊ ನೀರಿಲೆ.*

ಬಿಡುಗಡೆಗೆ ಹತ್ತು ದಿನ ಮುಂಚೆ ಮರಿಲಿಂಗಪ್ಪ ಶಾಲೆಗೆ ಬಂದು ಫೋನಿನಲ್ಲಿ ಹಾಡು ಕೇಳಿಸಿದ. ಗಿಟಾರು ಗುಡುಗುತ್ತಿತ್ತು, ದೇವಕಮ್ಮನ ದನಿಗೆ ಮೈಮೇಲೆ ಮುಳ್ಳೆದ್ದವು. ಬೈಗುಳ ಮುಗಿಯಿತು, ಡ್ರಮ್ಮು ಮೂರು ಏಟು ಬಿತ್ತು, ಹಾಡೂ ಮುಗಿಯಿತು.

"ತೊಳೆಯೋ ನುಡಿ ಎಲ್ಲಿ?"

"ಅದು ಬಂದ್ರ ಹಾಡು ಮೆತ್ತಗಾಗತೈತ್ರಿ ಸರ್. ಸಿಟ್ಟಿನ ಹಾಡು ಮಾಫಿ ಕೇಳಬಾರ್ದು."

ಆಮೇಲೆ ಅವನು ಹಾಡಿನ ಮುಖಚಿತ್ರ ತೋರಿಸಿದ. ಒಣಗಿದ ಕಾಲುವೆ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಹಾಡಿನ ಸಂಗ್ರಹ' ಎಂದು ನನ್ನ ಹೆಸರು. ಇಪ್ಪತ್ತು ವರ್ಷ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಣದ ಹೆಸರು. ಅದನ್ನು ನೋಡುತ್ತ ಹೂಂ ಎಂದುಬಿಟ್ಟೆ. ಆ ಸಂಜೆ ದೇವಕಮ್ಮ ದಾರಿಯಲ್ಲಿ ಸಿಕ್ಕಳು.

"ಹಾಡು ಹೆಂಗ ಬಂದೈತ್ರಿ? ತೊಳಿಯೋದೂ ಐತಿಲ್ರಿ?"

"ಎಲ್ಲಾ ಐತಿ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಹಾಡು ಬಿಟ್ಟ ನಾಲ್ಕೇ ದಿನಕ್ಕೆ ಊರೂರಿನ ಟ್ರ್ಯಾಕ್ಟರುಗಳಲ್ಲಿ ಅದೇ. ಮೇಲಿನ ಊರಿನವರು ಹಾಡು ನಿಲ್ಲಿಸಿರಿ ಎಂದು ಅರ್ಜಿ ಕೊಟ್ಟರು. ತುದಿಯವರು ಶಹಾಪುರದ ಬಸ್ ನಿಲ್ದಾಣದೆದುರು ರಸ್ತೆ ತಡೆದು ಅದನ್ನೇ ಹಚ್ಚಿ ಕುಣಿದರು. ಬರಿಯ ಹೆಸರಾಗಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದರು. ಆದರೆ ಹುಲಗಪ್ಪ ಯಾರೆಂದು ಯಾರೋ ಹುಡುಕಿ ತೆಗೆದರು. ತಂಗಿಯೇ ಅಂದ ಮೇಲೆ ಸುಳ್ಳಾಗುತ್ತದೆಯೇ ಎಂದರು. ಪಂಪು ಹಾಕಿದವರು ನೆರಳಿನಲ್ಲಿ ಉಳಿದರು, ಗೇಟಿನವನ ಮುಖಕ್ಕೆ ಸೆಗಣಿ ಬಿತ್ತು. ಗುತ್ತಿಗೆದಾರ ಅವನನ್ನು ಕೆಲಸದಿಂದ ಬಿಡಿಸಿದ, ಕೋಣೆ ಖಾಲಿ ಮಾಡಿಸಿದ. ಒಂದು ಬಿಂದಿಗೆ ನೀರು ಮಾರಿದವನಲ್ಲ ಹುಲಗಪ್ಪ. ಹೆಂಡತಿ ಸಾಯಬಮ್ಮನನ್ನು ಕರೆದುಕೊಂಡು ಬಳಿಚಕ್ರಕ್ಕೆ ಹೋದ.

ದೇವಕಮ್ಮ ಶಹಾಪುರಕ್ಕೆ ಹೋಗಿ ಮರಿಲಿಂಗಪ್ಪನ ಅಂಗಿ ಹಿಡಿದು ಕೇಳಿದಳಂತೆ. "ನಿನ್ನ ದನಿ ರಾಜ್ಯ ತುಂಬ ಹೋಗ್ಯದ ಅತ್ತಿ, ಖುಷಿ ಪಡು" ಅಂದನಂತೆ ಅವನು. ಬಂದು ನನ್ನ ಮುಂದೆ ಅತ್ತಳು. "ನಂಬಿ ಕೆಟ್ಟೆ ಮಾಸ್ತರ. ನೀವಾದ್ರೂ ನನ್ನ ಜೋಡಿ ಬರ್ರಿ, ಅಣ್ಣನ ಮನಿಗಿ ಹೋಗಿ ತೊಳೆದು ಬರ್ತೀನಿ." ಆಗಲೂ ನಿಜ ಹೇಳದೆ ಅವಳ ಜೋಡಿ ಹೊರಟೆ. ಹೇಡಿ ಎಂದರೆ ಕೊಂಬು ಇರುತ್ತದೆಯೇ?

ಬಳಿಚಕ್ರದ ಮನೆಯ ಕಟ್ಟೆಯ ಮೇಲೆ ಹುಲಗಪ್ಪ ತೊಗರಿ ಕೇರುತ್ತ ಕೂತಿದ್ದ. ದೇವಕಮ್ಮ ಅಂಗಳದಲ್ಲೇ ನಿಂತು ಸೆರಗು ಒಡ್ಡಿದಳು.

"ಎಲಿ ಕೊಡೋ ಅಣ್ಣಾ. ತೊಳಿತೀನಿ."

ಅವನು ಮೊರ ಕೆಳಗಿಟ್ಟ. "ಎಲಿ ಕೊಟ್ರ ತಪ್ಪು ಒಪ್ಪಿದಂಗ ಆಗತೈತಿ, ದೇವಕಿ. ನಾ ಮಾರಿಲ್ಲ. ಮಾರದ ನೀರಿಗಿ ಹೆಂಗ ಎಲಿ ಕೊಡ್ಲಿ?"

ಕಟ್ಟಳೆ ಅವಳದೇ, ಈ ಅಂಗಳದಲ್ಲೇ ಕಲಿತದ್ದು. ಎಲೆಯಿಲ್ಲದೆ ತೊಳೆಯುವಂತಿಲ್ಲ.

"ಆ ಮರಿಲಿಂಗ ಕಡಿದಾನೋ ಅಣ್ಣಾ, ತೊಳಿಯೋ ನುಡಿ ನಾ ಹಾಡಿದ್ದೆ."

"ಅವಗ ಫೋನ್ ಹಚ್ಚಿ ಕೇಳೀನಿ. ಮಾಸ್ತರ ಕೇಳಿ ಹೂಂ ಅಂದ ಮ್ಯಾಲ ಬಿಟ್ಟೀವಿ ಅಂದಾನ." ಹುಲಗಪ್ಪ ನನ್ನ ಕಡೆ ಬೆರಳು ಮಾಡಿದ. "ಇವರೇ ಅಲ್ಲೇನು?"

ದೇವಕಮ್ಮ ತಿರುಗಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಶಹಾಪುರದವರೆಗೆ ನಿಂತೇ ಬಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಮುಂದಿನ ಪಂಚಮಿಗೆ ಹುಲಗಪ್ಪ ಬರಲಿಲ್ಲ. ಅವಳು ಹೊಸ ಸೀರೆ ಉಟ್ಟು ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕೂತಿದ್ದಳು ಎಂದು ಓಣಿಯ ದುರಗಮ್ಮ ಹೇಳಿದಳು.

ಆ ಮುಂಗಾರಿಗೆ ತುದಿಗೂ ನೀರು ಬಂತು. ನನ್ನ ಎರಡೆಕರೆಗೆ ಅವಳ ಗುಂಪು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿತು, ಒಪ್ಪಿದ ನಾಟಿ ಬಿಡುವವಳಲ್ಲ ಅವಳು. ಕೊನೆಯ ಸಾಲಿನಲ್ಲಿ ನೆಟ್ಟಗೆ ನಿಂತು ನನ್ನ ಹೆಸರು ಹಿಡಿದಳು. ಜಿಪುಣ ಅನ್ನಲಿಲ್ಲ, ನೀರುಗಳ್ಳ ಅನ್ನಲಿಲ್ಲ. ಅಣ್ಣನ ಬದಲಿ ಎಲೆ ಕೊಟ್ಟು ಅಣ್ಣನನ್ನೇ ಮಾರಿದವನು ಎಂದು ಹಾಡಿದಳು. ಹೆಂಗಸರು ಯಾರೂ ಸೊಲ್ಲು ಕೂಡಿಸಲಿಲ್ಲ.

ನಾನು ಬದುವಿನ ಮೇಲೆ ಬಂದು ಎಲೆ ಅಡಿಕೆ ಮುಂದೆ ಹಿಡಿದೆ. ನನ್ನ ತಪ್ಪು ನಿಜ, ಒಪ್ಪಿಕೊಳ್ಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲ.

ಅವಳು ಎಲೆಯನ್ನು ನೋಡಿದಳು.

"ಒಮ್ಮೆ ನಿಮ್ಮ ಕೈಯಿಂದ ಎಲಿ ತೊಗೊಂಡೀನ್ರಿ ಮಾಸ್ತರ. ಸಾಕು."

ಬದು ಹತ್ತಿ, ಕಾಲುವೆಯಲ್ಲಿ ಕಾಲು ತೊಳೆದುಕೊಂಡು, ಹೆಂಗಸರನ್ನು ಕೂಡಿಸಿಕೊಂಡು ಮನೆಗೆ ಹೋದಳು.